ಗಾಡಿಯ ಹಿಂದೆ ನಿಂತವಳು

ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೆಚ್ಚು ಕೇಳಿಬರುತ್ತಿದ್ದ ಮಾತು ‘ಬಂತಾ?’ ಎನ್ನುವುದು. ಬೇರೆಯವರ ಮನೆಯಲ್ಲಿ ಅದು ನಲ್ಲಿ ನೀರಿನ ಬಗ್ಗೆಯೋ ಕರೆಂಟಿನ ಬಗ್ಗೆಯೋ ಇರುತ್ತಿತ್ತು. ನಮ್ಮಲ್ಲಿ ಗಾಡಿಗಳ ದೀಪದ ಬಗ್ಗೆ. ನನ್ನ ಅಪ್ಪ ನಂಜಪ್ಪ ಗಾಡಿಗಳ ವೈರಿಂಗ್ ಮಾಡುತ್ತಿದ್ದ. ಊರಿನವರು ಅವನನ್ನು ಲೈಟ್ ನಂಜಪ್ಪ ಎಂದೇ ಕರೆಯುತ್ತಿದ್ದರು. ರಿಪೇರಿ ಮುಗಿದ ಮೇಲೆ ಪರೀಕ್ಷೆ ಮಾಡಬೇಕಲ್ಲ, ಅದು ಒಬ್ಬರಿಂದ ಆಗುವ ಕೆಲಸವಲ್ಲ. ಬ್ರೇಕ್ ಇರುವುದು ಮುಂದೆ, ಅದರ ದೀಪ ಇರುವುದು ಹಿಂದೆ. ಹಾಗಾಗಿ ಅವ್ವ ಸಾಕಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಡ್ರೈವರ್ ಸೀಟು ಹತ್ತುತ್ತಿದ್ದಳು. ಅಪ್ಪ ಹಿಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ.

“ಒತ್ತು.”

“ಒತ್ತಿದೆ. ಬಂತಾ?”

“ಬಂತು. ಬಿಡು. ಎಡಕ್ಕಾಕು.”

“ಆಕಿದೆ. ಬಂತಾ?”

“ಬರ್ನಿಲ್ಲ. ಇರು.”

ಇದರಲ್ಲಿ ಅವರಿಬ್ಬರಿಗೆ ಒಂದು ಕಟ್ಟುಪಾಡು ಇತ್ತು. ಹಿಂದಿನಿಂದ ಉತ್ತರ ಬರುವವರೆಗೆ ಮುಂದಿರುವವರು ಬ್ರೇಕಿನಿಂದ ಕಾಲು ತೆಗೆಯುವಂತಿಲ್ಲ. ಹಿಂದೆ ನಿಂತವರು ಕಣ್ಣಾರೆ ಕಾಣದೆ ‘ಬಂತು’ ಎನ್ನುವಂತಿಲ್ಲ. ಅವ್ವ ತನ್ನ ಜೀವಮಾನದಲ್ಲಿ ಗಾಡಿಯನ್ನು ಒಂದು ಗಜ ದೂರವೂ ಓಡಿಸಿದವಳಲ್ಲ. ಆದರೆ ಅರಕಲಗೂಡಿನ ಜೀಪುಗಳು, ಚನ್ನರಾಯಪಟ್ಟಣದಿಂದ ತೆಂಗಿನಕಾಯಿ ತುಂಬಿಕೊಂಡು ಬರುವ ಲಾರಿಗಳು, ಎಲ್ಲದರ ಸೀಟಿನಲ್ಲೂ ಅವಳು ಕೂತಿದ್ದಳು. ಬೀದಿಯ ಹೆಂಗಸರು ನಲ್ಲಿಯ ಹತ್ತಿರ ನಿಂತು ಚುಡಾಯಿಸುತ್ತಿದ್ದರು.

“ಡ್ರೈವರಮ್ಮ ಇವತ್ತು ಯಾವೂರ್ಗೆ ಒಂಟವ್ಳೋ.”

“ನಿಮ್ ತವ್ರೂರ್ಗೇ ಕಣ್ರಮ್ಮ, ಅತ್ಕಳಿ,” ಎಂದು ಅವ್ವ ಸ್ಟೇರಿಂಗ್ ಹಿಡಿದುಕೊಂಡೇ ಉತ್ತರ ಕೊಡುತ್ತಿದ್ದಳು.

ಹಾಸನದ ರಸ್ತೆಗೆ ಮುಖ ಮಾಡಿದ್ದ ಆ ಹೆಂಚಿನ ಮನೆಯಲ್ಲಿ ಅಂಗಡಿ ಎಲ್ಲಿ ಮುಗಿಯುತ್ತದೆ, ಸಂಸಾರ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟವಿತ್ತು. ಜಗಲಿಯ ಮೇಲೆ ಬ್ಯಾಟರಿಗಳು ಸಾಲಾಗಿ ಚಾರ್ಜಿಗೆ ಕೂತಿರುತ್ತಿದ್ದವು. ಅವುಗಳ ಹುಳಿ ವಾಸನೆ ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ನೆಂಟರ ಮನೆಗೆ ಹೋದರೆ ಗಾಳಿಯಲ್ಲಿ ಏನೋ ಕಡಿಮೆಯಾದಂತೆ ಅನ್ನಿಸುತ್ತಿತ್ತು. ಆಸಿಡ್ ಸಿಡಿದು ಅವ್ವನ ಸೀರೆಗಳ ಅಂಚಿನಲ್ಲೆಲ್ಲ ಸಣ್ಣ ಸಣ್ಣ ತೂತು. ಮದುವೆ ಮುಂಜಿಗೆಂದು ಪೆಟ್ಟಿಗೆಯಲ್ಲಿಟ್ಟಿದ್ದ ಒಂದನ್ನು ಬಿಟ್ಟರೆ ತೂತಿಲ್ಲದ ಸೀರೆ ಅವಳ ಹತ್ತಿರ ಇರಲಿಲ್ಲ. ನಡುಮನೆಯ ಗೂಡಿನಲ್ಲಿ ದೇವರ ಪಟದ ಪಕ್ಕದಲ್ಲೇ ಬಲ್ಬು ತುಂಬಿದ ಬಿಸ್ಕತ್ತಿನ ಡಬ್ಬ. ದಿನಾ ದೇವರಿಗೆ ಕುಂಕುಮ ಇಡುವಾಗ ಅವ್ವ ಆ ಡಬ್ಬಕ್ಕೂ ಒಂದು ಬೊಟ್ಟು ಇಟ್ಟುಬಿಡುತ್ತಿದ್ದಳು. ಹಳೆಯ ಗಾಡಿಗಳಿಂದ ಬಿಚ್ಚಿದ ಕೆಂಪು, ಹಳದಿ ಗ್ಲಾಸುಗಳನ್ನು ಅಪ್ಪ ಕಿಟಕಿಯಲ್ಲಿ ಜೋಡಿಸಿದ್ದ. ಬೆಳಗಿನ ಬಿಸಿಲಿಗೆ ನೆಲದ ಮೇಲೆ ಆ ಬಣ್ಣಗಳು ಬೀಳುತ್ತಿದ್ದವು. ನಾನು ಹಳದಿಯಲ್ಲಿ ಕೂತು ಓದುತ್ತಿದ್ದೆ. ಪರೀಕ್ಷೆಯ ಪೇಪರು ಕೊಟ್ಟ ಮಾರನೆಯ ದಿನ ಮಾತ್ರ ಕೆಂಪಿಗೆ ಹೋಗುತ್ತಿದ್ದೆ, ಏಕೆಂದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಹಾಕಿದ ತಪ್ಪು ಗುರುತುಗಳು ಆ ಬೆಳಕಿನಲ್ಲಿ ಮಾಯವಾಗುತ್ತಿದ್ದವು.

ಆಗೆಲ್ಲ ಸಂಜೆಯಾದರೆ ಕರೆಂಟು ಹೋಗುವುದು ಸೂರ್ಯ ಮುಳುಗಿದಷ್ಟೇ ಖಾತ್ರಿ. ಬೀದಿಗೆಲ್ಲ ಸೀಮೆಎಣ್ಣೆ ಬುಡ್ಡಿಯಾದರೆ ನಮ್ಮ ಅಡುಗೆಮನೆಗೆ ಮಾತ್ರ ಯಾರದೋ ಲಾರಿಯ ಬ್ಯಾಟರಿಯಿಂದ ಬೆಳಕು. ಜಗಲಿಯಿಂದ ವೈರು ಎಳೆದು ಅಪ್ಪ ಒಲೆಯ ಮೇಲೆ ಒಂದು ಗಾಡಿಯ ಬಲ್ಬು ತೂಗುಹಾಕಿದ್ದ. ಒಂದು ಸಲ ಅದಕ್ಕೆ ಇಂಡಿಕೇಟರಿನ ಫ್ಲಾಷರ್ ಜೋಡಿಸಿ ಸುಮ್ಮನೆ ಊಟಕ್ಕೆ ಕೂತುಬಿಟ್ಟ. ತಟ್ಟೆಯಲ್ಲಿ ಮುದ್ದೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ನಾನು ನಕ್ಕು ನಕ್ಕು ಸಾರು ಚೆಲ್ಲಿಕೊಂಡೆ. ಅವ್ವ ಸೌಟು ಹಿಡಿದು ನಿಂತಳು.

“ಈ ಮನುಷ್ಯಂಗೆ ಯಾವಾಗ ಬುದ್ಧಿ ಬತ್ತದೋ. ಬಸ್ಸಾರು ಯಾವ್ದು ನೀರು ಯಾವ್ದು ಗೊತ್ತಾಗ್ನಿಲ್ಲ ಅಂದ್ರೆ ನಾಳೆ ನೀರ್ನೇ ಬಡಿಸ್ತೀನಿ.”

ಅಪ್ಪನ ಪಾಠಗಳೆಲ್ಲ ನಡೆದದ್ದು ಊಟದ ಹೊತ್ತಿನಲ್ಲೇ. ಮುದ್ದೆ ಮುರಿಯುತ್ತ ಅವನು ಗಾಡಿಯ ಒಳಗುಟ್ಟುಗಳನ್ನು ಹೇಳುತ್ತಿದ್ದ. ಫ್ಲಾಷರಿನೊಳಗೆ ಒಂದು ತೆಳು ಪಟ್ಟಿ ಇರುತ್ತದೆ. ಕರೆಂಟು ಹರಿದು ಬಿಸಿಯಾದರೆ ಅದು ಬಾಗಿ ದಾರಿ ಕಡಿಯುತ್ತದೆ, ದೀಪ ಆರುತ್ತದೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ, ದೀಪ ಹತ್ತುತ್ತದೆ. ಡ್ರೈವರಿಗೆ ಕೇಳಿಸುವ ಟಿಕ್ ಟಿಕ್ ಅದರದ್ದೇ. ಒಂದು ಬಲ್ಬು ಸುಟ್ಟುಹೋದರೂ ಆ ತಾಳ ಕೆಡುತ್ತದೆ. ಹಿಂಬದಿಯ ಕೆಂಪು ದೀಪದಲ್ಲಿ ಒಂದೇ ಬಲ್ಬಿನೊಳಗೆ ಎರಡು ಎಳೆ: ಕತ್ತಲಾದಾಗ ಸದಾ ಉರಿಯುವುದು ಮಂದವಾದ ಎಳೆ, ಬ್ರೇಕ್ ಒತ್ತಿದಾಗ ಮಾತ್ರ ಹತ್ತುವುದು ಜೋರಾದದ್ದು. ಹಿಂದೆ ಬರುವವನು ಆ ವ್ಯತ್ಯಾಸ ನೋಡಿಯೇ ತನ್ನ ಗಾಡಿ ನಿಲ್ಲಿಸಬೇಕು. ಇನ್ನು ಅಪ್ಪ ತುಂಬ ಇಷ್ಟಪಟ್ಟು ಹೇಳುತ್ತಿದ್ದುದು ಅರ್ತಿನ ವಿಷಯ, ಎಂದರೆ ಕರೆಂಟು ಬ್ಯಾಟರಿಗೆ ಹಿಂದಿರುಗುವ ದಾರಿ. ಬ್ಯಾಟರಿಯಿಂದ ದೀಪಕ್ಕೆ ಹೋಗಲು ಒಂದು ವೈರು ಬೇಕು, ಆದರೆ ವಾಪಸ್ ಬರಲು ಬೇಡ. ಗಾಡಿಯ ಕಬ್ಬಿಣದ ಮೈಯೇ ಅದಕ್ಕೆ ದಾರಿ. ಆ ಮೈ ತುಕ್ಕು ಹಿಡಿದು ದಾರಿ ಕಟ್ಟಿದರೆ ಬ್ರೇಕ್ ಒತ್ತಿದಾಗ ಇಂಡಿಕೇಟರು ಮಿಣಮಿಣ ಅನ್ನುತ್ತದೆ, ಇಂಡಿಕೇಟರು ಹಾಕಿದರೆ ಹಿಂದಿನ ದೀಪ ಕಣ್ಣು ಮಿಟುಕಿಸುತ್ತದೆ.

“ಓದ ಕರೆಂಟು ಮನೆಗೆ ಬರ್ಲೇಬೇಕು ಮಗಾ. ತನ್ ದಾರಿ ಮುಚ್ಚೋದ್ರೆ ಪಕ್ಕದ್ ಮನೆ ಬಾಗ್ಲು ತಟ್ತದೆ. ಜನ ಬಲ್ಬು ಬದ್ಲಾಯಿಸ್ತಾರೆ. ಬಲ್ಬಿನ್ ತಪ್ಪೇನೈತೆ ಅದ್ರಲ್ಲಿ?”

ಆಯುಧಪೂಜೆಯ ದಿನ ನಮ್ಮ ಮನೆಯ ಮುಂದೆ ರಿಪೇರಿಗೆ ಬಂದ ಗಾಡಿಗಳೂ, ಪೂಜೆಗೆಂದೇ ಬಂದ ಗಾಡಿಗಳೂ ಸಾಲುಗಟ್ಟುತ್ತಿದ್ದವು. ಎಲ್ಲ ಕಡೆಯಂತೆ ಬಾಳೆಕಂದು, ಬೂದುಗುಂಬಳ, ಚಕ್ರದ ಕೆಳಗೆ ನಿಂಬೆಹಣ್ಣು. ಆದರೆ ನಮ್ಮಲ್ಲಿ ಒಂದು ಪದ್ಧತಿ ಬೇರೆ ಇತ್ತು. ಮುಂಭಾಗಕ್ಕೆ ಮಂಗಳಾರತಿ ಆದಮೇಲೆ ಅವ್ವ ತಟ್ಟೆ ಹಿಡಿದು ಗಾಡಿಯ ಹಿಂದಕ್ಕೆ ಹೋಗಿ ಅಲ್ಲಿನ ದೀಪಗಳಿಗೂ ಬೆಳಗುತ್ತಿದ್ದಳು. ಅದೆಂಥ ಶಾಸ್ತ್ರ ಎಂದು ಪೂಜೆಗೆ ಬಂದಿದ್ದ ಅಯ್ನೋರು ಒಂದು ಸಲ ನಕ್ಕದ್ದುಂಟು.

“ಮುಂದಿನ್ ದೀಪ ನಾವ್ ನೋಡಕ್ಕೆ, ಹಿಂದಿನ್ ದೀಪ ನಮ್ಮನ್ನ ನೋಡಕ್ಕೆ, ಅಲ್ವಾ ಸಾಮಿ,” ಎಂದಳು ಅವ್ವ. “ನೋಡೋರ್ಗೂ ಒಂದಾರತಿ ಇರ್ಲಿ.”

ಅಪ್ಪ ಹೇಳಿಕೊಟ್ಟ ಮಾತನ್ನೇ ಅವಳು ಹೇಳಿದ್ದು. ಆದರೆ ಆ ಮಾತನ್ನು ಅಪ್ಪನಿಗಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದವಳು ಅವಳೇ ಎಂದು ಎಲ್ಲರಿಗೂ ತಿಳಿದದ್ದು ಆಮೇಲೆ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಪ್ಪ ಒಂದು ಹೊಸ ಆಟ ಶುರುಮಾಡಿದ. ಸಂಜೆ ಶಾಲೆಯಿಂದ ಬರುತ್ತಲೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ವೈರನ್ನು ಎತ್ತಿ ಹಿಡಿಯುತ್ತಿದ್ದ.

“ಇದ್ಯಾವ ಬಣ್ಣ, ಯೋಳು ನೋಡಾನ.”

“ಕೆಂಪು.”

“ಇದು?”

“ಕಂದು.”

“ಜಾಣೆ.”

ನಾನು ಹೇಳಿದ ಪ್ರಕಾರ ಅವನು ವೈರುಗಳನ್ನು ಬೇರೆ ಬೇರೆ ಇಡುತ್ತಿದ್ದ. ನನಗೋ ಹಿಗ್ಗು. ಅಪ್ಪ ನನಗೆ ಕಸುಬು ಕಲಿಸುತ್ತಿದ್ದಾನೆ, ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ. ಬೇಕೆಂದೇ ಒಮ್ಮೊಮ್ಮೆ ತಡೆದು, ಯೋಚಿಸುವವಳಂತೆ ನಟಿಸಿ ಹೇಳುತ್ತಿದ್ದೆ. ಆಗ ಅವನು ಕಾಯುತ್ತಿದ್ದ. ಆ ಕಾಯುವಿಕೆಯಲ್ಲಿ ಪರೀಕ್ಷೆ ಮಾಡುವವನ ಗತ್ತು ಇರಲಿಲ್ಲ. ಅವನಿಗೆ ಉತ್ತರ ಗೊತ್ತಿರಲಿಲ್ಲ. ಅವನು ನನ್ನನ್ನು ಕೇಳುತ್ತಿದ್ದ, ಅಷ್ಟೇ.

ಹೈಸ್ಕೂಲಿಗೆ ಹೋದ ವರ್ಷ ಒಂದು ಮಧ್ಯಾಹ್ನ ನಡುಮನೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದಾಗ ಹೊರಗಿನಿಂದ ‘ಬಂತಾ?’ ಎಂಬ ಕೂಗು ಕೇಳಿಸಿತು. ಪೆನ್ಸಿಲು ನಿಂತಿತು. ಕೂಗಿದ್ದು ಅಪ್ಪನ ದನಿ. ‘ಬಂತು’ ಎಂದದ್ದು ಅವ್ವನ ದನಿ. ಹುಟ್ಟಿದಾಗಿನಿಂದ ಒಂದೇ ಥರ ಕೇಳಿದ್ದ ಮಾತು ಅವತ್ತು ಅದಲುಬದಲಾಗಿತ್ತು. ಬಾಗಿಲಿಗೆ ಬಂದು ನೋಡಿದೆ. ಅಪ್ಪ ಜೀಪಿನ ಸೀಟಿನಲ್ಲಿ ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದು ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದ. ಅವ್ವ ಜೀಪಿನ ಹಿಂದೆ, ಸೊಂಟದ ಮೇಲೆ ಕೈಯಿಟ್ಟು, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದಳು. ನನ್ನನ್ನು ಕಂಡು ಕಣ್ಣಿನಲ್ಲೇ ಒಳಕ್ಕೆ ಹೋಗು ಎಂದಳು. ಜೀಪಿನವನು ಏನಾಯಿತು ಎಂದು ಕೇಳಿದಾಗ ಅವಳು ಹೇಳಿದ್ದು ಕೇಳಿಸಿತು.

“ಮಂಡಿನೋವು ಕಣಣ್ಣ. ನಿಂತ್ಕಳಕ್ಕಾಗಕಿಲ್ಲ ಅವ್ರಿಗೆ.”

ಅಪ್ಪನ ಮಂಡಿಗೆ ಏನೂ ಆಗಿರಲಿಲ್ಲ. ಆ ವಾರವೇ ಮೂವರೂ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಕಣ್ಣಿನ ಡಾಕ್ಟರನ್ನು ಕಂಡೆವು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಉಳಿದದ್ದು ನಿಧಾನವಾಗಿ ಹೋಗುವಂತೆ ಮಾಡಬಹುದು ಎಂದು ಅವರು ಸಮಾಧಾನವಾಗಿ ಹೇಳಿದರು. ಹನಿ ಹಾಕಲು ಔಷಧಿ ಕೊಟ್ಟರು. ವಾಪಸ್ ಬರುವಾಗ ಅಪ್ಪ ಕಿಟಕಿಯ ಪಕ್ಕ ಕೂರುತ್ತೇನೆ ಎಂದು ಹಟ ಮಾಡಿ ಕೂತ. ದಾರಿಯುದ್ದಕ್ಕೂ ಹೊರಗೆ ನೋಡುತ್ತಲೇ ಇದ್ದ. ಎದುರಿನಿಂದ ಬರುವ ಗಾಡಿಗಳನ್ನು ನೋಡುತ್ತಿದ್ದಾನೆ ಎಂದು ನನಗೆ ತಿಳಿಯಿತು. ಮನೆಗೆ ಬಂದಮೇಲೆ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಗಲ್ಲ ಹಿಡಿದಳು.

“ಯಾರ್ತಾವೂ ಬಾಯ್ ಬಿಡಬ್ಯಾಡ ಕಣವ್ವ. ಕಣ್ ಕಾಣ್ದೋನ ತಾವ ಗಾಡಿ ಬಿಡ್ತಾರಾ ಯಾರಾದ್ರೂ? ಕೆಲ್ಸ ನಿಂತ್ರೆ ಆವಯ್ಯ ಉಳಿಯಾಕಿಲ್ಲ.”

ಹೀಗೆ ನಮ್ಮ ಮನೆಯಲ್ಲಿ ಒಂದು ಗುಟ್ಟು ಸೇರಿಕೊಂಡಿತು. ಅಪ್ಪನ ಬೆರಳುಗಳಿಗೆ ಇನ್ನೂ ಎಲ್ಲ ಗೊತ್ತಿತ್ತು. ಬಲ್ಬಿನ ಪಕ್ಕದ ಎರಡು ಮೊಳೆಗಳು ಒಂದು ಮೇಲೆ ಒಂದು ಕೆಳಗೆ ಇರುವುದನ್ನು ಹೆಬ್ಬೆರಳಿನಲ್ಲಿ ಸವರಿ ಸರಿಯಾಗಿ ಕೂರಿಸುತ್ತಿದ್ದ. ಫ್ಲಾಷರಿನ ತಾಳ ಕೇಳಿ ಬಲ್ಬು ಹೋಗಿದೆ ಎನ್ನುತ್ತಿದ್ದ. ವೈರಿನ ಬಣ್ಣಕ್ಕೆ ನಾನಿದ್ದೆ. ಹಿಂದೆ ನಿಂತು ನೋಡಲು ಅವ್ವ ಇದ್ದಳು. ಮಂಡಿನೋವಿನ ಬಗ್ಗೆ ಊರಿಗೆಲ್ಲ ಸುಳ್ಳು ಹೇಳಿಕೊಂಡು ಓಡಾಡಿದ ಅವ್ವ ಯಾರು ಯಾವ ಎಣ್ಣೆ ಹೇಳಿದರೂ ‘ಹಚ್ತೀನಿ ಕಣಕ್ಕ’ ಎನ್ನುತ್ತಿದ್ದಳು. ಆದರೆ ಗಾಡಿಯ ಹಿಂದೆ ನಿಂತಾಗ ಮಾತ್ರ ಅವಳ ನಾಲಿಗೆ ಬೇರೆಯೇ ಆಗುತ್ತಿತ್ತು. ಬಂದಿದ್ದರೆ ಬಂತು, ಬರದಿದ್ದರೆ ಇಲ್ಲ. ನಾನು ಹೀಗೇ ಒಂದು ಸಲ ದೂರದಿಂದ ನೋಡಿ ‘ಬಂತು’ ಎಂದು ಕೂಗಿದ್ದಕ್ಕೆ ನನ್ನ ಕಿವಿ ಹಿಂಡಿದ್ದಳು.

“ಕಾಣ್ದೆ ಬಂತು ಅನ್ನಬ್ಯಾಡ. ನಿನ್ ಬಾಯ್ ನಂಬ್ಕಂಡು ಗಾಡಿ ರಸ್ತೆಗೆ ಓಯ್ತದೆ.”

ರಾಮೇಗೌಡ ಎಂಬುವನು ಅರಕಲಗೂಡಿನಿಂದ ನಮ್ಮೂರಿಗೆ ಜನ ತುಂಬಿಕೊಂಡು ವ್ಯಾನು ಓಡಿಸುತ್ತಿದ್ದ. ಅಪ್ಪನ ಹಳೆಯ ಗೆಳೆಯ. ಆ ವ್ಯಾನಿನ ಹಿಂದಿನ ವೈರುಗಳನ್ನು ಇಲಿ ಕಡಿದಿದ್ದವು. ಅಪ್ಪ ಮಧ್ಯಾಹ್ನವೆಲ್ಲ ಕೂತು ಹೊಸದಾಗಿ ಎಳೆದ. ಅವತ್ತು ನನಗೆ ಶಾಲೆಯಲ್ಲಿ ಸ್ಪೆಷಲ್ ಕ್ಲಾಸು ಇತ್ತು, ಬರುವುದು ತಡವಾಯಿತು. ಮಗಳಿಗೆ ಕಲಿಸುವ ನೆಪವಿಲ್ಲದೆ, ಗೌಡನ ಎದುರಿಗೆ ಅವ್ವನನ್ನು ಬಣ್ಣ ಕೇಳಲಾರದೆ, ಅಪ್ಪ ತನ್ನ ಅಂದಾಜಿನಲ್ಲೇ ಮುಗಿಸಿಬಿಟ್ಟಿದ್ದ. ನಾನು ಬರುವಾಗ ಹೊತ್ತು ಮುಳುಗುತ್ತಿತ್ತು. ವ್ಯಾನಿನಲ್ಲಿ ಬೀಗರೂಟ ಮುಗಿಸಿ ಊರಿಗೆ ಹೊರಟ ಜನ ತುಂಬಿದ್ದರು, ಮಡಿಲಲ್ಲಿ ಮಕ್ಕಳು, ಕಾಲ ಬಳಿ ಗಂಟುಗಳು. ಅಪ್ಪ ಸೀಟಿನಲ್ಲಿದ್ದ. ಅವ್ವ ಹಿಂದೆ ನಿಂತಿದ್ದಳು. ಜಗಲಿಯ ಮೇಲೆ ಚೀಲ ಇಟ್ಟು ನಾನೂ ಅವಳ ಪಕ್ಕ ಹೋಗಿ ನಿಂತೆ.

ಲೈಟು ಹಾಕಿದ ತಕ್ಷಣ ಹಿಂದಿನ ಎರಡು ದೀಪಗಳೂ ಭಗ್ಗನೆ ಹತ್ತಿಕೊಂಡವು. ಕಣ್ಣಿಗೆ ಚುಚ್ಚುವಷ್ಟು ಕೆಂಪು. ಅಪ್ಪ ಬ್ರೇಕ್ ಒತ್ತಿದ. ಏನೂ ಬದಲಾಗಲಿಲ್ಲ. ಮತ್ತೆ ಒತ್ತಿದ. ಇಲ್ಲ. ನನಗೂ ಅರ್ಥವಾಯಿತು. ಎರಡು ವೈರುಗಳು ಅದಲುಬದಲಾಗಿದ್ದವು. ಮಂದ ಎಳೆಗೆ ಹೋಗಬೇಕಾದದ್ದು ಜೋರಿನದಕ್ಕೆ ಹೋಗಿತ್ತು. ಸದಾ ಉರಿಯುವ ದೀಪವೇ ಬ್ರೇಕಿನ ದೀಪದಷ್ಟು ಜೋರಾಗಿ ಉರಿಯುತ್ತಿದ್ದುದರಿಂದ, ಬ್ರೇಕ್ ಹಾಕಿದರೆ ಹಿಂದಿನವನಿಗೆ ತಿಳಿಯುವಂತೆಯೇ ಇರಲಿಲ್ಲ. ಗೊತ್ತಿಲ್ಲದವರು ನೋಡಿದರೆ ದೀಪ ಎಷ್ಟು ಚೆನ್ನಾಗಿ ಉರಿಯುತ್ತಿದೆ ಎಂದೇ ಅನ್ನಬೇಕು.

“ಬಂತಾ?” ಎಂದ ಅಪ್ಪ.

ಅವ್ವ ವ್ಯಾನಿನ ಜನರನ್ನು ನೋಡಿದಳು, ಪಕ್ಕದಲ್ಲಿ ಬೀಡಿ ಸೇದುತ್ತ ನಿಂತಿದ್ದ ರಾಮೇಗೌಡನನ್ನು ನೋಡಿದಳು. ಬಾಯಿ ಬಿಟ್ಟರೆ ಅಷ್ಟು ದಿನ ಮುಚ್ಚಿಟ್ಟದ್ದೆಲ್ಲ ಬೀದಿಗೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ಬಂತಾ ಸಾಕೀ?”

“ಬಂದಿಲ್ಲ,” ಎಂದಳು ಅವ್ವ.

“ಸರ್ಯಾಗ್ ನೋಡು.”

“ನೋಡ್ದೆ. ವೈರು ಅದಲುಬದಲಾಗೈತೆ.”

ರಾಮೇಗೌಡ ಹಿಂದೆ ಬಂದು ನೋಡಿದ. “ಒಳ್ಳೆ ಬೆಂಕಿ ಅಂಗೆ ಉರೀತಾವಲ್ಲ ಸಾಕಮ್ಮ. ಬಿಡು, ಒತ್ತಾಯ್ತು, ಜನ ಬಯ್ಕತಾವ್ರೆ,” ಎಂದ.

ಅವ್ವ ವ್ಯಾನಿನ ಹಿಂಬದಿಯ ಬಾಗಿಲಿಗೆ ಅಂಗೈ ಊರಿ ನಿಂತಳು, ಹೊರಟ ಕರುವನ್ನು ತಡೆಯುವವರ ಹಾಗೆ. “ಓಗಂಗಿಲ್ಲ ಗೌಡ್ರೆ. ಹಿಂದ್ಗಡೆ ಬರೋರ್ಗೆ ನೀವ್ ನಿಂತ್ರಿ ಅಂತ ಕಾಣ್ಸಕಿಲ್ಲ,” ಎಂದಳು.

ಅಪ್ಪ ಇಳಿದು ಬಂದ. ವ್ಯಾನಿನ ಮೈ ಸವರಿಕೊಂಡು ಬಂದ. ಗ್ಲಾಸು ಬಿಚ್ಚಿ, ವೈರುಗಳನ್ನು ಎಳೆದು, ಕಣ್ಣಿನ ಹತ್ತಿರ ಹಿಡಿದ. ಇನ್ನೂ ಹತ್ತಿರ ಹಿಡಿದ. ಹುಬ್ಬಿಗೆ ತಾಗುವಷ್ಟು ಹತ್ತಿರ. ವ್ಯಾನಿನೊಳಗಿನ ಗಲಾಟೆ ನಿಂತುಹೋಯಿತು. ರಾಮೇಗೌಡ ಬೀಡಿ ಕೆಳಗೆ ಹಾಕಿ ಹೊಸಕಿದ.

“ಯಾವಾಗಿಂದ್ಲಾ ನಂಜ?” ಎಂದ ಬಹಳ ಮೆತ್ತಗೆ.

ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ದೂಡಿದಳು. “ಬಣ್ಣ ಯೋಳು ಮಗಾ,” ಎಂದಳು. ಅಷ್ಟು ಜನರ ಎದುರಿಗೆ, ಕಿಟಕಿಗಳಿಂದ ಇಣುಕುತ್ತಿದ್ದ ಮುಖಗಳ ಎದುರಿಗೆ, ನಾನು ಒಂದೊಂದೇ ವೈರು ಮುಟ್ಟಿ ಕೆಂಪು, ಕಂದು ಎಂದು ಹೇಳಿದೆ. ಅಪ್ಪ ನಾನು ಹೇಳಿದಂತೆ ಜೋಡಿಸಿದ. ಗಂಟು ಗಟ್ಟಿಯಾಗಿಯೇ ಬಿತ್ತು. ಮತ್ತೆ ಸೀಟು ಹತ್ತಿದ, ಮತ್ತೆ ಕೂಗಿದ. ಅವ್ವ ‘ಬಂತು’ ಎಂದಳು. ವ್ಯಾನು ಹೊರಟಿತು. ತಿರುವಿನಲ್ಲಿ ರಾಮೇಗೌಡ ಬ್ರೇಕ್ ಹಾಕಿದಾಗ ಆ ದೀಪಗಳು ಜೋರಾಗಿ ಹತ್ತಿ ಮತ್ತೆ ಮಂದವಾದದ್ದನ್ನು ನಾನೂ ಅವ್ವನೂ ನೋಡಿದೆವು. ಅಪ್ಪ ಆಗಲೇ ಒಳಗೆ ಹೋಗಿದ್ದ.

ಅವತ್ತು ಊಟಕ್ಕೆ ಅಪ್ಪ ಗೋಡೆಗೆ ಮುಖ ಮಾಡಿ ಕೂತ. ಮುದ್ದೆ ಆರಿ ಗಟ್ಟಿಯಾಗುತ್ತಿತ್ತು.

“ನಾಳೆ ಯೋಳ್ಬೋದಿತ್ತು. ಗೌಡುನ್ನ ಒಬ್ಬುನ್ನೇ ಕರ್ದು ಯೋಳ್ಬೋದಿತ್ತು. ಅಷ್ಟ್ ಜನದ ಮುಂದೆ ನನ್ ಮಾನ ಕಳೆದ್ಬುಟ್ಟೆ.”

“ನಾಳೆ ಅನ್ನೋದು ಆ ಗಾಡಿ ಹಿಂದೆ ಬರೋನ್ಗೂ ಇರಬೇಕಲ್ಲ.”

“ನಿಂಗೆ ನಾನ್ ಬೇಕಿಲ್ಲ. ದಾರೀಲೋಗೋರು ಬೇಕು.”

ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ನೀವೇ ಅಲ್ವಾ ಕಲಿಸಿದ್ದು,” ಎಂದಳು. ಆಮೇಲೆ ಅಡುಗೆಮನೆಯ ಕತ್ತಲಲ್ಲಿ ಕೂತು ಅತ್ತಳು. ಅವಳು ಅಷ್ಟು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ನಾನು ನಡುಮನೆಯ ಹೊಸಿಲ ಮೇಲೆ ಕೂತಿದ್ದೆ. ಅಪ್ಪನನ್ನು ಕಂಡರೂ ಕರುಳು ಕಿತ್ತುಬರುತ್ತಿತ್ತು, ಅವ್ವನನ್ನು ಕಂಡರೂ ಅಷ್ಟೇ. ಇಬ್ಬರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಮನೆ ಮಾತ್ರ ಮುರಿದು ಬಿದ್ದಿತ್ತು.

ಸುದ್ದಿ ಗಾಡಿಗಿಂತ ಬೇಗ ಹೋಗುತ್ತದೆ. ಜನ ಒಳ್ಳೆಯವರೇ. ಯಾರೂ ಅಪ್ಪನನ್ನು ಅಣಕಿಸಲಿಲ್ಲ, ಬಂದು ಕೂತು ಕಾಫಿ ಕುಡಿದು ಮಾತಾಡಿಸಿ ಹೋಗುತ್ತಿದ್ದರು. ಆದರೆ ಗಾಡಿಯನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಹೊಸ ಅಂಗಡಿಗೆ ಬಿಟ್ಟು ಬಂದಿರುತ್ತಿದ್ದರು. ಜಗಲಿಯ ಮೇಲಿನ ಬ್ಯಾಟರಿಗಳು ಒಂದೊಂದಾಗಿ ಅವುಗಳ ಮನೆಗೆ ಹೋದವು. ಹುಳಿ ವಾಸನೆ ಹೋಯಿತು. ಅವ್ವ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡಲು ಸೇರಿದಳು. ಅವಳ ಹೊಸ ಸೀರೆಗಳಿಗೆ ತೂತು ಬೀಳುವುದು ನಿಂತಿತು, ಅದನ್ನು ನೋಡಿದರೇ ನನಗೆ ಅಳು ಬರುತ್ತಿತ್ತು. ಅಪ್ಪ ಅವಳೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದ, ನೀರು, ಔಷಧಿ, ಅನ್ನ. ಕಿಟಕಿಯ ಗ್ಲಾಸುಗಳ ಬಣ್ಣ ನೆಲದ ಮೇಲೆ ಬೀಳುತ್ತಲೇ ಇತ್ತು. ಅಪ್ಪ ಅದರ ಮೇಲೇ ಕೂತಿರುತ್ತಿದ್ದ, ತಾನು ಕೆಂಪಿನಲ್ಲಿ ಕೂತಿದ್ದೇನೋ ಹಳದಿಯಲ್ಲೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

ಬಹಳ ಕಾಲ ಹೀಗೇ ಕಳೆಯಿತು. ಒಂದು ಭಾನುವಾರ ಚನ್ನರಾಯಪಟ್ಟಣದ ಹಳೆಯ ಲಾರಿ ಡ್ರೈವರೊಬ್ಬ ಮನೆಯ ಮುಂದೆ ಲಾರಿ ನಿಲ್ಲಿಸಿದ. ಅರ್ತು ಕೆಟ್ಟಿತ್ತು, ಬ್ರೇಕ್ ಒತ್ತಿದರೆ ಇಂಡಿಕೇಟರು ಮಿಣುಕುತ್ತಿತ್ತು, ಹೊಸ ಅಂಗಡಿಯವರು ಬಲ್ಬಿನ ಮೇಲೆ ಬಲ್ಬು ಬದಲಾಯಿಸಿದ್ದರು. ಅಪ್ಪನ ಮುಖಕ್ಕೆ ಕಳೆ ಬಂದಿತು. ಲಾರಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಬೆರಳಲ್ಲೇ ತುಕ್ಕು ಹುಡುಕಿ, ಅರದಿಂದ ಉಜ್ಜಿ, ಹೊಸ ವೈರು ಬಿಗಿದ. ಈಗ ಅವನು ದೀಪದ ಗ್ಲಾಸಿನ ಮೇಲೆ ಅಂಗೈಯಿಟ್ಟು ಕಾವು ನೋಡಿ ಹತ್ತಿದೆಯೋ ಇಲ್ಲವೋ ತಿಳಿಯುವುದನ್ನು ಕಲಿತಿದ್ದ. ಆದರೆ ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಮಂದವೋ ಜೋರೋ ಎಂಬುದೂ ಖಾತ್ರಿಯಾಗುವುದಿಲ್ಲ. ನಾನು ಹಿಂದೆ ನಿಲ್ಲಲು ಹೋದೆ. ಡ್ರೈವರು ತಾನೇ ನೋಡುತ್ತೇನೆ ಎಂದ. ಅಪ್ಪ ಇಬ್ಬರನ್ನೂ ತಡೆದ. ಮನೆಯ ಕಡೆ ತಿರುಗಿ ಕೂಗಿದ.

“ಸಾಕೀ, ಬಾ ಇಲ್ಲಿ. ಹಿಂದೆ ನಿಂತ್ಕೊ.”

ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅಪ್ಪ ಡ್ರೈವರಿಗೆ ಹೇಳಿದ, “ನನ್ ಎಂಡ್ತಿ ಬಂತು ಅಂದ್ರೆ ಬಂತು ಕಣಪ್ಪ. ಅವ್ಳು ಯಾರ ಮುಲಾಜೂ ನೋಡಕಿಲ್ಲ. ಗಂಡುಂದೂ ನೋಡಕಿಲ್ಲ.” ಅವ್ವ ಹಿಟ್ಟಿನ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಆ ಸಂಜೆ ಇಬ್ಬರೂ ಒಟ್ಟಿಗೆ ಕೂತು ಉಂಡರು. ನಮ್ಮ ಮನೆಯಲ್ಲಿ ಹಬ್ಬವೆಂದರೆ ನನಗೆ ಇವತ್ತಿಗೂ ಆ ಭಾನುವಾರವೇ.

ನಾನು ಓದಿ ಹಾಸನದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸಕ್ಕೆ ಸೇರಿದೆ. ಬರುವವರು ಕಣ್ಣಲ್ಲೇ ಬೇಡುತ್ತಾರೆ, ಏನೂ ಇಲ್ಲ ಎನ್ನಿ ಎಂದು. ಇದ್ದದ್ದನ್ನು ಇಲ್ಲ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ, ಆದರೆ ಹೇಳುವಾಗ ಅವರ ಕೈ ಹಿಡಿದುಕೊಳ್ಳುತ್ತೇನೆ. ಎರಡನ್ನೂ ಕಲಿತದ್ದು ಅವ್ವನಿಂದ. ಅವಳ ಕಿಡ್ನಿ ಕೆಟ್ಟಿರುವುದು ಮೊದಲು ತಿಳಿದದ್ದೂ ನನಗೇ. ಊರಿಗೆ ಹೋಗಿ ಜಗಲಿಯ ಮೇಲೆ ಅವಳ ಪಕ್ಕ ಕೂತೆ. ನನ್ನ ಮುಖ ನೋಡಿ ಅವಳೇ ಕೇಳಿದಳು.

“ಕೆಟ್ಟೋಗೈತಾ?”

“ಊಂ ಕಣವ್ವ.”

“ಒಳ್ಳೇದಾಯ್ತು ಯೋಳ್ದೆ,” ಎಂದಳು. “ನಿಮ್ಮಪ್ಪಂಗೂ ಯೋಳ್ಬುಡು. ಅವ್ರಿಗೆ ಮುಖ ಕಾಣಕಿಲ್ಲ, ಬಾಯ್ಬುಟ್ಟೇ ಯೋಳ್ಬೇಕು.”

ಹಾಸನದ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡದ್ದು ಒಂದು ಮಧ್ಯಾಹ್ನ. ಆಸ್ಪತ್ರೆಯ ವ್ಯಾನಿನಲ್ಲಿ ಅವಳ ಜೊತೆ ನಾನು ಊರಿಗೆ ಬಂದೆ. ಪೆಟ್ಟಿಗೆಯಲ್ಲಿದ್ದ ತೂತಿಲ್ಲದ ಸೀರೆಯನ್ನು ಉಡಿಸಿ ಜಗಲಿಯ ಮೇಲೆ, ಬ್ಯಾಟರಿಗಳಿದ್ದ ಜಾಗದಲ್ಲಿ, ಅವಳನ್ನು ಮಲಗಿಸಿದರು. ಅಪ್ಪ ತಲೆಯ ಹತ್ತಿರ ಕೂತು ಅವಳ ಹಣೆಯ ಮೇಲೆ ಅಂಗೈಯಿಟ್ಟ. ತೆಗೆಯಲೇ ಇಲ್ಲ. ದೀಪದ ಕಾವು ನೋಡುವಾಗ ಕಾಯುತ್ತಿದ್ದ ಹಾಗೆಯೇ ಕಾಯುತ್ತಿದ್ದ. ಆ ಕೈಯನ್ನು ನನಗೆ ನೋಡಲಾಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಸಾವಿನ ಮನೆಯಲ್ಲಿ ಹೋಗಿ ಬರುತ್ತೇನೆ ಎನ್ನಬಾರದಲ್ಲ, ವ್ಯಾನಿನ ಡ್ರೈವರು ಸದ್ದಿಲ್ಲದೆ ಹೋಗಿ ಗಾಡಿ ಶುರುಮಾಡಿದ. ಸದ್ದು ಕೇಳಿ ಅಪ್ಪ ತಲೆಯೆತ್ತಿದ. ಎದ್ದು, ಜನರನ್ನು ಸರಿಸಿಕೊಂಡು, ವ್ಯಾನಿನ ಮೈ ಸವರುತ್ತ ಹಿಂದಕ್ಕೆ ನಡೆದ.

“ಲೈಟ್ ಆಕಪ್ಪ. ಬ್ರೇಕ್ ಒತ್ಕೊಂಡಿರು,” ಎಂದ.

ಡ್ರೈವರು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅಪ್ಪ ಬಲಗಡೆಯ ಗ್ಲಾಸಿನ ಮೇಲೆ ಕೈಯಿಟ್ಟು ಕಾದ, ಕಾವು ತಾಗಿತು. ಆಮೇಲೆ ಎಡಗಡೆಯದರ ಮೇಲೆ ಇಟ್ಟ. ಬಹಳ ಹೊತ್ತು ಇಟ್ಟಿದ್ದ.

“ಇದೂ ತಣ್ಣಗೈತೆ,” ಎಂದ.

ಈ ಹೊತ್ತಿನಲ್ಲಿ ಇದೇನು ಎಂದು ಯಾರೋ ಗೊಣಗಿದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಇನ್ಯಾರೋ ಅಂದರು. ನಾನು ಒಳಗೆ ಹೋಗಿ ಗೂಡಿನಿಂದ ಬಿಸ್ಕತ್ತಿನ ಡಬ್ಬ ತಂದೆ. ಅದರ ಮೇಲೆ ಅವ್ವ ಇಟ್ಟಿದ್ದ ಕುಂಕುಮ ಇನ್ನೂ ಇತ್ತು. ಅಪ್ಪ ಗ್ಲಾಸು ಬಿಚ್ಚಿ, ಸುಟ್ಟ ಬಲ್ಬು ತೆಗೆದು, ಹೊಸದರ ಮೊಳೆಗಳನ್ನು ಹೆಬ್ಬೆರಳಿನಲ್ಲಿ ಸವರಿ ಕೂರಿಸಿದ. “ಇಳಿಯಪ್ಪ, ಒಸಿ ನೋಡ್ಬುಡ್ತೀನಿ. ನೀನ್ ಹಾಸನಕ್ ವಾಪಸ್ ಓಗ್ಬೇಕಲ್ಲ,” ಎನ್ನುತ್ತ ಮುಂದೆ ಹೋಗಿ, ಡ್ರೈವರನ್ನು ಇಳಿಸಿ, ತಾನು ಸೀಟು ಹತ್ತಿದ. ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದು ಬ್ರೇಕ್ ಒತ್ತಿ, ನೆಟ್ಟಗೆ ಮುಂದೆ ನೋಡುತ್ತ ಕೂಗಿದ.

“ಸಾಕೀ, ಬಂತಾ?”

ಜಗಲಿಯ ಮೇಲಿನ ಅಳು ನಿಂತಿತು. ಜನ ತಲೆ ತಗ್ಗಿಸಿದರು. ಯಾರನ್ನು ಕರೆದೆ ಎಂದು ಅಪ್ಪನಿಗೂ ಆಗಲೇ ಹೊಳೆದಿರಬೇಕು, ಅವನ ಹೆಗಲು ಕುಸಿದವು. ಆದರೂ ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಹಿಂದಿನಿಂದ ಉತ್ತರ ಬರುವವರೆಗೆ ತೆಗೆಯುವಂತಿಲ್ಲ. ನಾನು ಗಾಡಿಯ ಹಿಂದೆ ಹೋಗಿ ಅವ್ವ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಕಣ್ಣು ತುಂಬಿ ಎಲ್ಲ ಕೆಂಪಗೆ ಕಲಸಿಹೋಗಿತ್ತು, ಹತ್ತಿದ್ದು ಒಂದೋ ಎರಡೋ ಗೊತ್ತಾಗುತ್ತಿರಲಿಲ್ಲ. ಬಂತು ಎಂದುಬಿಡಬಹುದಿತ್ತು. ವೇಲಿನಿಂದ ಕಣ್ಣು ಒರೆಸಿಕೊಂಡೆ. ಮತ್ತೆ ತುಂಬಿತು, ಮತ್ತೆ ಒರೆಸಿಕೊಂಡೆ. ಎಡಗಡೆಯದನ್ನು ನೋಡಿದೆ. ಬಲಗಡೆಯದನ್ನು ನೋಡಿದೆ.

“ಬಂತು ಕಣಪ್ಪ,” ಎಂದೆ. “ಎರಡೂ ಬಂತು.”

ಅಪ್ಪ ಬ್ರೇಕಿನಿಂದ ಕಾಲು ತೆಗೆದ.